ಒಣ ಸೀಮೆಯ ನೀರಿನ ಲೆಕ್ಕ

ಆಗಸ್ಟ್ ಮೂರನೇ ವಾರ, ಆಶ್ಲೇಷ ಕಳೆದು ಮಘೆ ಕೂಡುವ ಹೊತ್ತು. ಹಿರಿಯೂರು ಸೀಮೆಯಲ್ಲಿ ಆಗ ಮೋಡಕ್ಕೆ ಬರವಿಲ್ಲ. ಬೆಳಗಿನಿಂದ ಬೈಗಿನವರೆಗೆ ಪಡುವಣದಿಂದ ಮೂಡಣಕ್ಕೆ ಹಿಂಡುಹಿಂಡಾಗಿ ಹೋಗುತ್ತಲೇ ಇರುತ್ತವೆ, ಒಂದೂ ನಿಲ್ಲುವುದಿಲ್ಲ. ಹೊಲದ ಬದುವಿನ ಮೇಲೆ ನಿಂತವರ ಕಣ್ಣೆದುರೇ ಅವುಗಳ ನೆರಳು ಶೇಂಗಾ ಸಾಲುಗಳ ಮೇಲೆ ಓಡಿಬಂದು, ಹೆದ್ದಾರಿ ದಾಟಿ, ಚಳ್ಳಕೆರೆಯ ಕಡೆಗೆ ಹೋಗಿಬಿಡುತ್ತದೆ. "ಇವು ಆಂಧ್ರದೋರಿಗೆ ಬರೆದಿರೋ ಮೋಡ" ಎಂದು ನಮ್ಮ ದೊಡ್ಡಮ್ಮ ಬೈಯುವುದುಂಟು. ಅನಂತಪುರದವರನ್ನು ಕೇಳಿದರೆ ಅವರೂ ಇನ್ನಾರನ್ನೋ ಬೈಯುತ್ತಾರೆ. ಅಲ್ಲಿಯೂ ಇವು ಸುರಿಯುವುದು ಅಷ್ಟಕ್ಕಷ್ಟೇ.

ಮಳೆಗೆ ನಕ್ಷತ್ರದ ಹೆಸರಿಟ್ಟವರು ಲೆಕ್ಕ ತಪ್ಪಿದವರಲ್ಲ. ಆಕಾಶದ ಸುತ್ತನ್ನು 27 ಪಾಲು ಮಾಡಿ, ಸೂರ್ಯ ಒಂದೊಂದು ಪಾಲನ್ನು ದಾಟಲು ತೆಗೆದುಕೊಳ್ಳುವ ಹದಿಮೂರು, ಹದಿನಾಲ್ಕು ದಿನಕ್ಕೆ ಒಂದು ಮಳೆ ಎಂದರು. ಹಬ್ಬಗಳು ಚಂದ್ರನನ್ನು ನಂಬಿ ವರ್ಷವರ್ಷ ಹಿಂದೆಮುಂದೆ ಸರಿಯುತ್ತವೆ, ಮಳೆ ನಕ್ಷತ್ರಗಳು ಸೂರ್ಯನನ್ನು ನಂಬಿ ಹೆಚ್ಚುಕಡಿಮೆ ಅದೇ ತಾರೀಖಿಗೆ ಕೂಡುತ್ತವೆ. ಬಿತ್ತುವವನಿಗೆ ಬೇಕಾದದ್ದು ಈ ಎರಡನೆಯದು. ಕೂಡಿದ ಮಳೆ ಸುರಿಯಬೇಕೆಂಬ ಕರಾರು ಮಾತ್ರ ಪಂಚಾಂಗದಲ್ಲಿಲ್ಲ.

ಚಿತ್ರದುರ್ಗ ಸೀಮೆಯನ್ನು ಮರಳುಗಾಡು ಎಂದು ಕರೆದುಬಿಡುವವರಿದ್ದಾರೆ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಜಾಗಕ್ಕೆ ಸಾಮಾನ್ಯವಾಗಿ ಆ ಹೆಸರು ಸಲ್ಲುತ್ತದೆ. ಹಿರಿಯೂರಿಗೆ ಅದರ ಎರಡರಷ್ಟು ಬೀಳುತ್ತದೆ, ಸರಾಸರಿ 600ಕ್ಕೆ ಸ್ವಲ್ಪ ಕಡಿಮೆ. ಸದಾ ಮಳೆಯ ಊರೆಂದು ಹೆಸರಾದ ಲಂಡನ್ನಿನಲ್ಲಿ ಬೀಳುವುದೂ ಸುಮಾರು ಅಷ್ಟೇ! ಆದರೆ ಅಲ್ಲಿಯ ಬಿಸಿಲು ಅದನ್ನು ವಾಪಸು ಕೇಳುವುದಿಲ್ಲ. ನಮ್ಮ ಬಿಸಿಲು, ನಮ್ಮ ಗಾಳಿ ಸೇರಿದರೆ ಬಿದ್ದ ಮಳೆಯ ಎರಡರಷ್ಟಕ್ಕಿಂತ ಹೆಚ್ಚನ್ನು ಆವಿ ಮಾಡಬಲ್ಲವು. ಹಾಗಾಗಿ ಇಲ್ಲಿ ನೀರಿನ ಖಾತೆ ಯಾವಾಗಲೂ ಸಾಲದಲ್ಲೇ ನಡೆಯುತ್ತದೆ. ಈ ವಾರ ನಾನು ಕಂಡು ಖುಷಿಪಟ್ಟ ಸಣ್ಣಪುಟ್ಟ ಸಂಗತಿಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ, ಎಲ್ಲದರ ಬೇರು ಈ ಖಾತೆಯಲ್ಲೇ ಸಿಕ್ಕುತ್ತದೆ. ನೀರು ಕಡಿಮೆ ಇರುವುದರಿಂದಲೇ ಅವು ಇಲ್ಲಿವೆ, ಇಲ್ಲವೇ ಕಣ್ಣಿಗೆ ಬೀಳುವಂತಿವೆ.

ಮೊದಲು ಆ ನಿಲ್ಲದ ಮೋಡಗಳ ವಿಚಾರ. ಅರಬ್ಬೀ ಸಮುದ್ರದಿಂದ ಬಂದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಏರಿದ ಗಾಳಿ ತಣ್ಣಗಾಗಿ, ಹೊತ್ತ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಸಿಕ್ಕುವುದು ಹೀಗೆ. ಘಟ್ಟ ದಾಟಿ ಈಚೆ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕು ಮತ್ತೆ ಬಿಸಿಯಾಗುತ್ತದೆ, ಕಿಲೋಮೀಟರ್ ಇಳಿದರೆ ಹತ್ತಿರ ಹತ್ತಿರ ಹತ್ತು ಡಿಗ್ರಿ. ಬಿಸಿಯಾದ ಗಾಳಿಯಲ್ಲಿ ಮೋಡ ಕರಗುತ್ತದೆ, ದಪ್ಪವಾಗುವುದಿಲ್ಲ. ಆಗುಂಬೆಯಿಂದ ಹಿರಿಯೂರಿಗೆ ನೇರವಾಗಿ ಅಳೆದರೆ ಇನ್ನೂರು ಕಿಲೋಮೀಟರ್ ಕೂಡ ಇಲ್ಲ. ಅಷ್ಟು ದೂರದಲ್ಲಿ ಮಳೆ ಹನ್ನೆರಡನೇ ಒಂದು ಪಾಲಿಗೆ ಇಳಿಯುತ್ತದೆ. ಜಿಲ್ಲೆಯೊಳಗೇ ಇದನ್ನು ಕಾಣಬಹುದು. ಪಡುವಣದ ಹೊಳಲ್ಕೆರೆಯಲ್ಲಿ ಅಡಿಕೆ ತೋಟಗಳು, ನಡುವೆ ಹೊಸದುರ್ಗದಲ್ಲಿ ತೆಂಗು ಮತ್ತು ಸಾವೆ, ಮೂಡಣಕ್ಕೆ ಬಂದಂತೆ ಶೇಂಗಾ, ಜಾಲಿ, ತಂಗಡಿ.

ಮಳೆ ಘಟ್ಟದಲ್ಲೇ ಉಳಿದರೂ ಗಾಳಿ ಉಳಿಯುವುದಿಲ್ಲ. ಆಷಾಢದಲ್ಲಿ ಹಿಡಿದದ್ದು ಶ್ರಾವಣ ಮುಗಿದರೂ ಬಿಡುವುದಿಲ್ಲ. ಸೀರೆ ಒಣಹಾಕಿದರೆ ಎರಡು ಕಡೆ ಗಂಟು ಹಾಕಬೇಕು. ಚಿತ್ರದುರ್ಗದ ಜೋಗಿಮಟ್ಟಿಯನ್ನು ಏಷ್ಯಾದಲ್ಲೇ ಹೆಚ್ಚು ಗಾಳಿ ಬೀಸುವ ಜಾಗಗಳಲ್ಲೊಂದು ಎಂದು ಊರವರು ಹೇಳಿಕೊಳ್ಳುತ್ತಾರೆ. ಆ ಪಟ್ಟ ಸರಿಯೋ ಏನೋ, ಸುತ್ತಲ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು ಮಾತ್ರ ಲೆಕ್ಕ ನೋಡಿಯೇ ಬಂದವು. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ತೆಗೆಯಬಹುದಾದ ಶಕ್ತಿ ಎಂಟು ಪಟ್ಟಾಗುತ್ತದೆ. ಬಯಲಿಗಿಂತ ಗುಡ್ಡದ ನೆತ್ತಿಯಲ್ಲಿ ಸ್ವಲ್ಪವೇ ಜೋರಾಗಿ ಬೀಸಿದರೂ ಸಾಕು, ಅಷ್ಟು ಎತ್ತರಕ್ಕೆ ರಸ್ತೆ ಕಡಿದು ಕಂಬ ಹೊತ್ತ ಖರ್ಚು ಹುಟ್ಟುತ್ತದೆ.

ಸೋಮವಾರದ ಮಧ್ಯಾಹ್ನ ಪೂರ್ತಿ ನಾನು ಹನುಮಂತರಾಯನ ಗುಡಿಯ ಜಗುಲಿಯ ಕೆಳಗೆ ಕುಕ್ಕರುಗಾಲಲ್ಲಿ ಕಳೆದೆ. ಸೂರಿನ ಮರೆಯಲ್ಲಿ ಮಳೆಹನಿ ಮುಟ್ಟದ ಒಂದು ಪಟ್ಟಿ ನೆಲವಿದೆ, ಹಿಟ್ಟಿನಂಥ ಕೆಂಪು ಧೂಳು. ಆ ಧೂಳಿನ ತುಂಬ ಬಟ್ಟಲಿನಾಕಾರದ ಗುಳಿಗಳು, ಎಂಟಾಣೆ ಬಿಲ್ಲೆಯಷ್ಟು ಅಗಲದವು, ಕೆಲವು ಅದಕ್ಕೂ ಚಿಕ್ಕವು. ಶಾಲೆ ತಪ್ಪಿಸಿಕೊಂಡ ಹುಡುಗನೊಬ್ಬ ಆಗಲೇ ಅಲ್ಲಿ ಕೂತು ಹುಲ್ಲುಕಡ್ಡಿಯಿಂದ ಗುಳಿಯ ಅಂಚನ್ನು ಕೆದಕುತ್ತಿದ್ದ. "ಅಣ್ಣಾ, ಸುಮ್ಕೆ ನೋಡು, ಈಗ ಎಸೀತದೆ" ಎಂದ. ಎಸೆಯಿತು. ಗುಳಿಯ ತಳದಿಂದ ಚಿಮ್ಮಿದ ಧೂಳು ಕಡ್ಡಿಯ ತುದಿಗೆ ಬಡಿಯಿತು.

ತಳದಲ್ಲಿ ಅಡಗಿರುವುದು ಒಂದು ಕೀಟದ ಮರಿ. ಬೆಳೆದ ಮೇಲೆ ಅದು ತೆಳ್ಳನೆಯ ಉದ್ದ ರೆಕ್ಕೆಗಳ, ಏರೋಪ್ಲೇನ್ ಚಿಟ್ಟೆಯೆಂದು ತಪ್ಪು ತಿಳಿಯುವಂಥ, ರಾತ್ರಿ ಹಾರುವ ಕೀಟವಾಗುತ್ತದೆ. ಮರಿಯಾಗಿರುವಾಗ ಮಾತ್ರ ಅದರ ಬದುಕೆಲ್ಲ ಈ ಗುಳಿಯಲ್ಲಿ. ಹಿಮ್ಮುಖವಾಗಿ ಸುತ್ತು ಹಾಕುತ್ತ, ಚಪ್ಪಟೆ ತಲೆಯಿಂದ ಮಣ್ಣನ್ನು ಹೊರಗೆ ಎರಚುತ್ತ ಗುಳಿ ತೋಡುತ್ತದೆ. ದಪ್ಪ ಹರಳುಗಳು ದೂರ ಹೋಗುತ್ತವೆ, ಗೋಡೆಯಲ್ಲಿ ನಯವಾದ ಧೂಳು ಉಳಿಯುತ್ತದೆ. ಒಣ ಪುಡಿಯನ್ನು ಎಲ್ಲಿ ಸುರಿದರೂ ಅದರ ಇಳಿಜಾರು ಒಂದು ಮಿತಿಗೆ ನಿಲ್ಲುತ್ತದೆ. ಕಣದಲ್ಲಿ ರಾಗಿ ರಾಶಿ ಹಾಕಿದವರಿಗೆ ಇದು ಗೊತ್ತು. ಒಂದು ಮೊರ ಸುರಿಯಲಿ, ಹತ್ತು ಚೀಲ ಸುರಿಯಲಿ, ರಾಶಿ ದೊಡ್ಡದಾಗುತ್ತದೆಯೇ ಹೊರತು ಕಡಿದಾಗುವುದಿಲ್ಲ. ನಯವಾದ ಒಣ ಮಣ್ಣಿಗೆ ಆ ಮಿತಿ ಮೂವತ್ತು, ಮೂವತ್ತೈದು ಡಿಗ್ರಿ. ಹುಳ ತನ್ನ ಗುಳಿಯ ಗೋಡೆಯನ್ನು ಸರಿಯಾಗಿ ಆ ಮಿತಿಯ ಅಂಚಿಗೆ ತಂದು ಬಿಟ್ಟಿರುತ್ತದೆ. ಇರುವೆಯ ತೂಕವೇನೂ ದೊಡ್ಡದಲ್ಲ, ಆದರೆ ಕುಸಿಯಲು ಕಾದಿರುವ ಗೋಡೆಗೆ ಅದೇ ಹೆಚ್ಚು.

ಹುಡುಗ ಒಂದು ಕಟ್ಟಿರುವೆ ತಂದು ಬಿಟ್ಟ. ಅದು ಇಳಿಯಿತು, ಹತ್ತಲು ನೋಡಿತು, ಕಾಲ ಕೆಳಗಿನ ಧೂಳು ಜಾರಿತು. ಇನ್ನೇನು ಅಂಚು ಸಿಕ್ಕಿತು ಎನ್ನುವಾಗ ತಳದಿಂದ ಎರಡು ಬಾರಿ ಮಣ್ಣು ಹಾರಿತು. ಮೇಲಿನಿಂದ ಬಿದ್ದ ಆ ಮಣ್ಣು ಇರುವೆಗೆ ತಾಗಬೇಕೆಂದೇನಿಲ್ಲ, ಗೋಡೆಗೆ ತಾಗಿದರೂ ಸಾಕು, ಇಳಿಜಾರೆಲ್ಲ ಒಟ್ಟಿಗೆ ಕೆಳಗೆ ಸರಿಯುತ್ತದೆ. ಕುಡುಗೋಲುಗಳಂತೆ ಬಾಗಿದ ಎರಡು ದವಡೆಗಳು ಮೇಲೆದ್ದು ಇರುವೆಯ ನಡು ಹಿಡಿದವು, ಎರಡು ಸಲ ಅಲುಗಾಡಿಸಿ ಒಳಗೆಳೆದುಕೊಂಡವು. ದವಡೆಯೊಳಗೆ ಕೊಳವೆಯಿದೆ. ಅದರ ಮೂಲಕ ಬೇಟೆಯ ಮೈಯೊಳಕ್ಕೆ ಜೀರ್ಣರಸ ಬಿಟ್ಟು, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಇರುವೆಯ ಸಿಪ್ಪೆ ಗುಳಿಯಾಚೆ ಬಿತ್ತು.

ನನಗೆ ಇದರಲ್ಲಿ ಅತ್ಯಂತ ಸ್ವಾರಸ್ಯವೆನಿಸುವುದು ಬೇಟೆಯಲ್ಲ, ಮಿತವ್ಯಯ. ಈ ಮರಿಗೆ ಮಲದ್ವಾರದ ದಾರಿಯೇ ಮುಚ್ಚಿದೆ. ತಿಂದದ್ದರ ಕಸವನ್ನೆಲ್ಲ ಮೈಯಲ್ಲೇ ಇಟ್ಟುಕೊಂಡು, ಕೋಶಾವಸ್ಥೆ ಮುಗಿಸಿ ರೆಕ್ಕೆ ಬಂದ ಮೇಲೆ ಒಂದೇ ಸಲ ಹೊರಹಾಕುತ್ತದೆ. ಇರುವೆಯ ರಸ ಬಿಟ್ಟರೆ ಬೇರೆ ನೀರು ಕುಡಿಯುವುದಿಲ್ಲ. ಬೇಟೆ ಸಿಗದಿದ್ದರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಇನ್ನು ಆ ಗುಳಿಗೆ ಒಂದು ಚಮಚ ನೀರು ಬಿದ್ದರೂ ಕೆಲಸ ಕೆಟ್ಟಿತು. ಕಣಕಣಗಳ ನಡುವೆ ಸೇರಿದ ನೀರಿನ ತೆಳುಪೊರೆ ಅವನ್ನು ಅಂಟಿಸಿಬಿಡುತ್ತದೆ, ಗೋಡೆ ಜಾರುವುದಿಲ್ಲ, ಇರುವೆ ನಡೆದುಕೊಂಡೇ ಹೊರಗೆ ಬರುತ್ತದೆ. ಹುಡುಗನಿಗೆ ಇದನ್ನು ಹೇಳಿದೆ. ಅವನು ಪರೀಕ್ಷೆ ಮಾಡಲು ನೀರು ಹುಡುಕಲಿಲ್ಲ, ಉಗುಳಿದ. ಪ್ರಯೋಗ ಸರಿಯಾಗಿಯೇ ಆಯಿತು.

ಬುಧವಾರ ಮರಡಿಹಳ್ಳಿಗೆ ಹೋದೆ. ಚಿತ್ರದುರ್ಗ ಪಟ್ಟಣದ ಆಗ್ನೇಯಕ್ಕೆ, ಐಮಂಗಲದ ಕಡೆ, ರಸ್ತೆಯಿಂದ ನೋಡಿದರೆ ಎಲ್ಲ ಮರಡಿಗಳಂತೆ ಒಂದು ಮರಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಕೋಲಾರ ಚಿನ್ನದ ಗಣಿ ಸೀಮೆಯ ಕಲ್ಲುಗಳು ಇದೇ ಪಟ್ಟಿಯಲ್ಲಿರುವ ಕರ್ನಾಟಕದ ಉಳಿದ ಹೆಸರುಗಳು. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಜಾಗ ಸಿಗುವುದಿಲ್ಲ. ಮರಡಿಹಳ್ಳಿಯಲ್ಲಿ ನಾನು, ಎರಡು ಮೇಕೆ, ಮೇಕೆ ಕಾಯುವ ಅಜ್ಜ.

ಬಂಡೆ ಕಪ್ಪು ಹಸಿರು. ಬಗ್ಗಿ ನೋಡಿದರೆ ಅದು ಒಂದೇ ಬಂಡೆಯಲ್ಲ, ಒಂದರ ಮೇಲೊಂದು ಒತ್ತಿಟ್ಟ ದುಂಡುದುಂಡು ತುಂಡುಗಳ ಒಟ್ಟಣೆ. ಕೆಲವು ಮೊಣಕೈ ಉದ್ದ, ಕೆಲವು ಆಳುದ್ದ. ಪ್ರತಿಯೊಂದಕ್ಕೂ ಸುತ್ತ ಬೇರೆ ಬಣ್ಣದ ತೆಳು ಅಂಚು. ಇವೇ ದಿಂಬು ಲಾವಾ. ಸಾವಿರದ ನೂರು ಡಿಗ್ರಿಗೂ ಮೀರಿದ ಕಾವಿನ ಲಾವಾ ನೀರಿನಡಿಯ ಬಿರುಕಿನಿಂದ ಹೊರಬಂದಾಗ ಅದರ ಮೈ ಕ್ಷಣದಲ್ಲಿ ಗಾಜಾಗಿ ಗಟ್ಟಿಯಾಗುತ್ತದೆ. ಒಳಗಿನ್ನೂ ದ್ರವ. ಹಿಂದಿನಿಂದ ಒತ್ತುವ ಲಾವಾ ಆ ಗಾಜಿನ ಮೈಯನ್ನು ಉಬ್ಬಿಸಿ, ಒಂದು ಕಡೆ ಒಡೆದು, ಇನ್ನೊಂದು ಗಡ್ಡೆಯಾಗಿ ಹೊರಬರುತ್ತದೆ. ಅದಕ್ಕೂ ಅದೇ ಗತಿ. 1970ರ ದಶಕದಲ್ಲಿ ಹವಾಯಿ ದ್ವೀಪದ ಕರಾವಳಿಯಲ್ಲಿ ಮುಳುಗುಗಾರರು ಸಮುದ್ರದೊಳಗೇ ಇಳಿದು ಇಂಥ ಗಡ್ಡೆಗಳು ಹುಟ್ಟುವುದನ್ನು ಚಿತ್ರೀಕರಿಸಿದ ಮೇಲೆ ಈ ವಿವರಣೆಗೆ ಕಣ್ಣಾರೆ ಕಂಡ ಸಾಕ್ಷಿಯೂ ಸಿಕ್ಕಿತು. ನೀರಿಲ್ಲದ ಕಡೆ ಲಾವಾ ಹರಿದರೆ ಈ ಆಕಾರ ಬರುವುದಿಲ್ಲ. ಎಂದರೆ ಜಾಲಿ ಗಿಡವೂ ಕಷ್ಟಪಟ್ಟು ಬದುಕುವ ಈ ಮರಡಿ ಒಂದು ಕಾಲಕ್ಕೆ ಸಮುದ್ರದ ತಳ. ಕಾಲ ಎಂದರೆ 250 ಕೋಟಿ ವರ್ಷಕ್ಕೂ ಹಿಂದೆ. ಆ ಸಮುದ್ರದಲ್ಲಿ ಮೀನಿಲ್ಲ, ಸೂಕ್ಷ್ಮಜೀವಿ ಬಿಟ್ಟರೆ ಯಾವ ಜೀವವೂ ಇಲ್ಲ. ಅದರ ಮೇಲೆ ಬೀಸಿದ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ.

ಇನ್ನೂ ಒಂದು ಸಂಗತಿಯನ್ನು ಈ ಕಲ್ಲು ಹೇಳುತ್ತದೆ. ಹೊಸ ಗಡ್ಡೆ ಹಳೆಯ ಗಡ್ಡೆಗಳ ಮೇಲೆ ಮೆತ್ತಗಿರುವಾಗಲೇ ಕೂರುವುದರಿಂದ, ಅದರ ಬೆನ್ನು ದುಂಡಗೆ ಉಳಿದು ಅಡಿಭಾಗ ಕೆಳಗಿನೆರಡರ ಸಂದಿಗೆ ಇಳಿದು ಮೊನಚಾಗುತ್ತದೆ. ಮುಂದೆ ಭೂಮಿ ಆ ಪದರಗಳನ್ನು ಮಡಚಿ, ಮಗ್ಗುಲಾಗಿ ಮಲಗಿಸಿದರೂ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ಗುರುತು ಹಿಡಿಯಬಹುದು. ಭೂವಿಜ್ಞಾನಿಗಳು ಇಲ್ಲಿಯ ಪದರಗಳ ಹಿರಿಕಿರಿತನ ತಿಳಿಯಲು ನೋಡುವ ಗುರುತುಗಳಲ್ಲಿ ಇದೂ ಒಂದು. ನಾನು ಬೆರಳಿಟ್ಟು ಮೊನೆ ಹುಡುಕುತ್ತಿದ್ದುದನ್ನು ನೋಡಿ ಅಜ್ಜ ಹತ್ತಿರ ಬಂದ.

"ಏನ್ ಹುಡುಕ್ತೀಯಪ್ಪ, ಚಿನ್ನನಾ?"

"ಇಲ್ಲ ಅಜ್ಜ, ಇದು ಸಮುದ್ರದಾಗೆ ಹುಟ್ಟಿದ ಕಲ್ಲಂತೆ."

"ಇರ್ಬೋದು. ಕೆಳಗಡೆ ಬೋರು ಕೊರೆಸಿದ್ರು, ಸಾವಿರ ಅಡಿ. ಬರೀ ಧೂಳು ಬಂತು. ಸಮುದ್ರ ಇನ್ನೂ ಕೆಳಗೈತೇನೋ."

ಅಜ್ಜ ಲೋಹದ ಮಾತೆತ್ತಿದ್ದು ಹುಚ್ಚಲ್ಲ. ಇದೇ ಹಸಿರುಗಲ್ಲಿನ ಪಟ್ಟಿಯಲ್ಲಿ, ಚಿತ್ರದುರ್ಗಕ್ಕೆ ಹತ್ತಿರದ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದಿತ್ತು. ಸಮುದ್ರತಳದ ಬಿಸಿನೀರ ಬುಗ್ಗೆಗಳು ಲೋಹವನ್ನು ಗಂಧಕದೊಡನೆ ಕೂಡಿಸಿ ಇಳಿಸಿದ ಅದಿರು ಅದು ಎಂಬುದು ಒಂದು ವಿವರಣೆ. ಇಂಥ ಕಲ್ಲು ಮಲೆನಾಡಿನಲ್ಲೂ ಇದೆ. ಅಲ್ಲಿ ಅದನ್ನು ಮಳೆ ಕೊಳೆಸಿ ಆಳವಾದ ಮಣ್ಣು ಮಾಡಿ, ಕಾಡು ಹೊದಿಸಿ, ಪಾಚಿ ಬಳಿದು ಮುಚ್ಚಿಟ್ಟಿದೆ. ಇಲ್ಲಿ ಕಲ್ಲು ಕೊಳೆಯಲು ನೀರು ಸಾಲದು, ಮುಚ್ಚಲು ಹಸಿರು ಸಾಲದು. ಮೇಕೆಗಳಿಗೆ ಅದು ನಷ್ಟ, ಕಲ್ಲು ಓದುವವರಿಗೆ ಲಾಭ.

ಅಜ್ಜನ ಹೆಗಲ ಮೇಲೆ ಕರಿ ಕಂಬಳಿಯಿತ್ತು, ಬಿಸಿಲಲ್ಲೂ. ಇದನ್ನು ಪೇಟೆಯವರು ನೋಡಿ ನಗುವುದುಂಟು. ಉಣ್ಣೆಯ ಎಳೆಯ ಹೊರಮೈ ಹನಿಯನ್ನು ಜಾರಿಸುತ್ತದೆ, ಒಳಮೈ ಆವಿಯನ್ನು ಹೀರುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ಆವಿ ಕುಡಿದರೂ ಮುಟ್ಟಿದವರಿಗೆ ಒದ್ದೆಯೆನ್ನಿಸುವುದಿಲ್ಲ, ಕುಡಿಯುವಾಗ ಬೆಚ್ಚಗೂ ಆಗುತ್ತದೆ. ನೇಯುವವರು ನೂಲಿಗೆ ಹುಣಸೆ ಬೀಜದ ಸರಿ ಹಚ್ಚುತ್ತಾರೆ. ಚಳ್ಳಕೆರೆ ಸೀಮೆಯ ಕಂಬಳಿ ಹೊಸದರಲ್ಲಿ ನಿಲ್ಲಿಸಿದರೆ ನಿಲ್ಲುವುದು ಆ ಸರಿಯಿಂದ.

ಗುರುವಾರ ವಾಣಿವಿಲಾಸ ಸಾಗರದ ಮೇಲೆ ಹಾದು ಹೊಸದುರ್ಗದ ದಾರಿ ಹಿಡಿದೆ. ಹಳಬರ ಬಾಯಲ್ಲಿ ಇದು ಇನ್ನೂ ಮಾರಿಕಣಿವೆ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವ ಜಾಗ. 1898ರಲ್ಲಿ ಕಟ್ಟಲು ಹಿಡಿದು 1907ಕ್ಕೆ ಮುಗಿಸಿದರು, ಸಿಮೆಂಟಿನ ಕಾಲವಲ್ಲ, ಕಲ್ಲು ಮತ್ತು ಗಾರೆ. ಜಲಾಶಯದ ಪೂರ್ಣಮಟ್ಟ 130 ಅಡಿ, ಹಿಡಿಯುವುದು 30 ಟಿಎಂಸಿ. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಮತ್ತೆ 2025ರ ಜನವರಿಯಲ್ಲಿ. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ವೇದಾವತಿಗೆ ಸೇರುತ್ತಿರುವುದು ಇದಕ್ಕೆ ಕಾರಣ. 2022ರಲ್ಲಿ ಹಿರಿಯೂರು, ಹೊಸದುರ್ಗದ ಊರೂರಿನಿಂದ ಜನ ಗಾಡಿ ಕಟ್ಟಿಕೊಂಡು ಬಂದು ಕೋಡಿ ನೋಡಿದರು. ಎಂಬತ್ತು ದಾಟಿದವರೂ ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದರು. ಘಟ್ಟ ಇಟ್ಟುಕೊಂಡ ಮಳೆಯಲ್ಲಿ ಒಂದು ಪಾಲು ಹೊಳೆಯಾಗಿ ಹೀಗೆ ನಮಗೂ ಬರುತ್ತದೆ ಎಂಬುದೇನೋ ಸಮಾಧಾನ. ಅದನ್ನು ಬಿಸಿಲಿಗೆ ಹರಡಿಟ್ಟರೆ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆಳದ ನೀರು ಆಕಾಶಕ್ಕೆ ಸಂದಾಯವಾಗುತ್ತದೆ.

ಹೊಸದುರ್ಗ ತಾಲ್ಲೂಕಿನಲ್ಲಿ ನಾನು ನೋಡಬೇಕೆಂದಿದ್ದದ್ದು ಮತ್ತೋಡು. ಈಗ ಅಲ್ಲಿ ಹೋದವರಿಗೆ ತೋರಿಸಲು ಹೆಚ್ಚೇನೂ ಇಲ್ಲ. ಒಂದು ಕಾಲಕ್ಕೆ ಇದು ಗಾಜಿನ ಬಳೆಯ ಊರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿ ಬರೆದಿಟ್ಟ ವರದಿಯಲ್ಲಿ ಇಲ್ಲಿಯ ಗಾಜಿನ ಕುಲುಮೆಗಳ ವಿವರವಿದೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಗಾಜು ಮಾಡುತ್ತಿದ್ದರು. ಬೇಕಾದ ಮುಖ್ಯ ಸಾಮಗ್ರಿ ಎರಡು, ಬೆಣಚುಕಲ್ಲಿನ ಪುಡಿ ಮತ್ತು ಸವುಳು ಮಣ್ಣು.

ಬೆಣಚು ಇಲ್ಲಿಯ ಹೊಲಗಳಲ್ಲಿ ಬಿಳಿಯಾಗಿ ಹೊಳೆಯುತ್ತ ಬಿದ್ದಿರುತ್ತದೆ. ಅದನ್ನೊಂದನ್ನೇ ಕರಗಿಸಬೇಕೆಂದರೆ 1700 ಡಿಗ್ರಿ ಕಾವು ಬೇಕು. ಸೌದೆಯೊಲೆಗೆ ಅದು ಎಟುಕುವ ಮಾತಲ್ಲ. ಸೋಡಾ ಸೇರಿಸಿದರೆ ಸಿಲಿಕಾದ ಬಿಗಿ ಹೆಣಿಗೆಯ ನಡುವೆ ಸೋಡಿಯಂ ನುಗ್ಗಿ ಕೊಂಡಿಗಳನ್ನು ಬಿಡಿಸುತ್ತದೆ, ನೂರಾರು ಡಿಗ್ರಿ ಕಡಿಮೆ ಕಾವಿಗೇ ಅದು ಕರಗಿ ಪಾಕವಾಗುತ್ತದೆ. ಆ ಸೋಡಾ ಬಂದದ್ದು ಎಲ್ಲಿಂದ? ಕಣಶಿಲೆಯಲ್ಲಿ ಸೋಡಿಯಂ ಇದೆ. ಮಳೆನೀರು ಕಲ್ಲನ್ನು ಸವೆಸುವಾಗ ಅದು ನೀರಿಗಿಳಿಯುತ್ತದೆ. ಮಲೆನಾಡಿನಲ್ಲಾದರೆ ಹಳ್ಳಕೊಳ್ಳ ಸೇರಿ ಸಮುದ್ರ ಮುಟ್ಟುತ್ತದೆ. ಇಲ್ಲಿ ತಗ್ಗಿನಲ್ಲಿ ಇಂಗಿದ ನೀರು ಬೇಸಗೆಯಲ್ಲಿ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲೇರಿ ಬಂದು ಆವಿಯಾಗುತ್ತದೆ, ಲವಣ ಆವಿಯಾಗದೆ ನೆಲದ ಮೇಲೆ ಬಿಳಿಯ ಹೊಪ್ಪಳೆಯಾಗಿ ಉಳಿಯುತ್ತದೆ. ಬೆಳೆಗೆ ಅದು ಶತ್ರು. ಮಡಿವಾಳರು ಅದೇ ಮಣ್ಣಿನಿಂದ ಊರಿನ ಬಟ್ಟೆ ಬೆಳ್ಳಗೆ ಮಾಡುತ್ತಿದ್ದರು, ಮತ್ತೋಡಿನವರು ಬಳೆ ಮಾಡಿದರು. ಈಜಿಪ್ಟಿನ ಮರಳುಗಾಡಿನ ಒಣಕೆರೆಗಳಿಂದ ಇಂಥದೇ ಸೋಡಾ ತೆಗೆದು ರೋಮನರ ಕಾಲದ ಗಾಜು ಮಾಡುತ್ತಿದ್ದರು. ಒಣ ಹವೆಯಲ್ಲದೆ ಈ ಉದ್ಯೋಗ ಹುಟ್ಟುವಂತಿರಲಿಲ್ಲ. ಇಂದು ಇದೇ ಊರುಗಳ ಜಾತ್ರೆಗಳಲ್ಲಿ ಮಾರುವ ಗಾಜಿನ ಬಳೆ ಫಿರೋಜಾಬಾದಿನದು.

ರೋಮನರೆಂದಾಗ ಚಂದ್ರವಳ್ಳಿಯ ನೆನಪಾಗುತ್ತದೆ. ಚಿತ್ರದುರ್ಗದ ಬೆಟ್ಟದ ಬೆನ್ನಿಗಿರುವ ಈ ಕಣಿವೆಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಇಲ್ಲಿ ರೋಮನ್ ನಾಣ್ಯಗಳೂ ಸಿಕ್ಕಿವೆ. ನನಗೆ ಅವುಗಳಿಗಿಂತ ದೊಡ್ಡದೆನಿಸುವುದು ಅಲ್ಲಿಯ ಬಂಡೆಯ ಮೇಲಿರುವ ನಾಲ್ಕನೇ ಶತಮಾನದ ಶಾಸನ. ಕದಂಬ ಮಯೂರಶರ್ಮ ಗೆದ್ದವರ ಪಟ್ಟಿ ಅದರಲ್ಲಿದೆ ನಿಜ, ಆದರೆ ಶಾಸನ ಹಾಕಿಸಿದ್ದು ಕೆರೆ ಕಟ್ಟಿಸಿದ್ದಕ್ಕೆ. ಮುಂದೆ ಕೋಟೆ ಕಟ್ಟಿದವರೂ ಅದೇ ಜಾಣ್ಮೆಯನ್ನು ಬೆಟ್ಟದ ಮೇಲೆ ನಡೆಸಿದರು. ಬೋಳುಬಂಡೆ ಕೆಟ್ಟ ಹೊಲ, ಒಳ್ಳೆಯ ಸೂರು. ಅದು ನೀರು ಕುಡಿಯುವುದಿಲ್ಲ, ಬಿದ್ದ ಮಳೆಯನ್ನು ಬಹುಪಾಲು ಕೆಳಕ್ಕೆ ಬಿಡುತ್ತದೆ. ಬಂಡೆಯ ಇಳಿಜಾರಿನಿಂದ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ ತಂಗಿ ಹೊಂಡ, ಅಲ್ಲಿಂದ ಕೆಳಗಿನವು, ಕೊನೆಗೆ ಊರೊಳಗಿನ ಸಂತೆ ಹೊಂಡ.

ಶುಕ್ರವಾರ, ಶನಿವಾರ ದೊಡ್ಡಮ್ಮನ ಶೇಂಗಾ ಹೊಲದಲ್ಲೇ. ಬಿತ್ತಿ ಐವತ್ತು ದಿನದ ಹತ್ತಿರ. ಹಳೆಯ ಟಿಎಂವಿ ಎರಡು ತಳಿ, ಹೊಸ ತಳಿ ಎಷ್ಟೇ ಬಂದರೂ ಈ ಸೀಮೆಯವರು ಬಿಡದ್ದು. ಗಿಡದ ಬುಡದಲ್ಲಿ ಹಳದಿ ಹೂ. ಬೆಳಗ್ಗೆ ಬಿರಿದದ್ದು ಸಂಜೆಯೊಳಗೆ ಬಾಡುತ್ತದೆ. ತನಗೆ ತಾನೇ ಫಲಿಸುವ ಹೂ ಇದು, ಜೇನುನೊಣದ ದಾರಿ ಕಾಯುವುದಿಲ್ಲ.

"ಇಲ್ಲಿ ಬಗ್ಗು" ಎಂದು ದೊಡ್ಡಮ್ಮ ಗಿಡ ಎತ್ತಿ ತೋರಿಸಿದಳು. "ಸೂಜಿ ಇಳಿತಾವೆ ನೋಡು."

ಬಾಡಿದ ಹೂವಿನ ಬುಡದಿಂದ ನೇರಳೆ ಛಾಯೆಯ ಕಡ್ಡಿಯೊಂದು ಹೊರಟು ನೆಲದ ಕಡೆ ಬಾಗಿತ್ತು. ತುದಿ ಚೂಪು. ಬೇರೆಂದುಕೊಳ್ಳಬೇಕು, ಬೇರಲ್ಲ. ಆ ತುದಿಯಲ್ಲಿ ಫಲಿತ ಅಂಡಾಶಯವಿದೆ. ಗಿಡ ತನ್ನ ಕಾಯಿಯನ್ನು ಗುರುತ್ವ ಹಿಡಿದು ಮಣ್ಣಿಗೆ ಇಳಿಸುತ್ತಿದೆ. ಬೆಳಕಿರುವವರೆಗೆ ಕಾಯಿ ಊದುವುದಿಲ್ಲ. ನಾಲ್ಕೈದು ಸೆಂಟಿಮೀಟರ್ ಒಳಗೆ ಹೋಗಿ ಕತ್ತಲು ಸಿಕ್ಕ ಮೇಲೆ ತುದಿ ಅಡ್ಡ ತಿರುಗಿ ಕಾಯಿ ಕಟ್ಟುತ್ತದೆ. ಆ ಕಾಯಿ ಇನ್ನೊಂದು ಸ್ವತಂತ್ರ ಕೆಲಸ ಮಾಡುತ್ತದೆ. ತನಗೆ ಬೇಕಾದ ಸುಣ್ಣದಂಶವನ್ನು ಬೇರಿನಿಂದ ಪಡೆಯದೆ ಸಿಪ್ಪೆಯ ಮೂಲಕವೇ ಸುತ್ತಲ ಮಣ್ಣಿನಿಂದ ಹೀರುತ್ತದೆ. ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಏರುತ್ತದೆಯೇ ಹೊರತು ಮಣ್ಣೊಳಗಿನ ಕಾಯಿಗೆ ಇಳಿದುಬರುವುದಿಲ್ಲ. ಅದಕ್ಕೇ ಸೂಜಿ ಇಳಿಯುವ ಹೊತ್ತಿಗೆ ಬುಡಕ್ಕೆ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಹಾಕುವುದು. ಹಾಕದಿದ್ದರೆ ಕಾಯಿ ಇರುತ್ತದೆ, ಒಳಗೆ ಬೀಜ ಜೊಳ್ಳು. ದಕ್ಷಿಣ ಅಮೆರಿಕದಿಂದ ಹಡಗೇರಿ ಬಂದ ಗಿಡ ಇದು. ನಮ್ಮ ಕೆಂಪು ಮಸಬು ನೆಲಕ್ಕೆ ಇದಕ್ಕಿಂತ ಒಪ್ಪುವ ಗಿಡ ಇನ್ನೊಂದಿಲ್ಲವೆಂದು ಜನ ನಂಬಿರುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ತೊಂದರೆ ಒಂದೇ. ಕೆಂಪು ಮಣ್ಣು ಒಣಗಿದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ, ಸೂಜಿ ಚುಚ್ಚಲಾರದು. ನಾನು ನೋಡಿದ ಗಿಡಗಳಲ್ಲಿ ಅರ್ಧದಷ್ಟು ಸೂಜಿಗಳು ನೆಲ ಮುಟ್ಟಿ ಅಲ್ಲೇ ಸೊಟ್ಟಗಾಗಿ ನಿಂತಿದ್ದವು. ಗೆಣ್ಣು ಎತ್ತರದಲ್ಲಿದ್ದ ಕೆಲವು ನೆಲ ಮುಟ್ಟದೆ ಗಾಳಿಯಲ್ಲೇ ಒಣಗಿದ್ದವು.

ಮಳೆ ಬಂದದ್ದು ಶನಿವಾರ ಇಳಿಹೊತ್ತಿಗೆ. ಪಡುವಣ ಗಾಳಿ ಗಕ್ಕನೆ ನಿಂತು, ಮೂಡಣದಿಂದ ಬೇರೆಯದೇ ಮೋಡ ಎದ್ದಿತು. ಹನಿ ಬೀಳುವ ಮೊದಲೇ ವಾಸನೆ ಬಂತು. ಎಲ್ಲೋ ಹತ್ತಿರದಲ್ಲಿ ಆಗಲೇ ಬೀಳುತ್ತಿದ್ದಿರಬೇಕು. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಈ ವಾಸನೆಯ ಬೆನ್ನು ಹತ್ತಿದರು. ಒಣ ಕಾಲದಲ್ಲಿ ಗಿಡಗಳಿಂದ ಬರುವ ಎಣ್ಣೆಯಂಥ ಪದಾರ್ಥಗಳನ್ನು ಕಲ್ಲು, ಮಣ್ಣು ಹೀರಿಟ್ಟುಕೊಂಡು ತೇವ ತಗುಲಿದಾಗ ಬಿಡುತ್ತವೆ ಎಂದು ತೋರಿಸಿದರು. ಅದರ ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕವಿದೆ. ಲಕ್ಷ ಕೋಟಿ ಪಾಲಿನಲ್ಲಿ ನಾಲ್ಕೈದು ಪಾಲಿದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಆ ಸೂಕ್ಷ್ಮಜೀವಿಗಳು ಇಷ್ಟು ಖರ್ಚು ಮಾಡಿ ವಾಸನೆ ಬಿಡುವುದೇಕೆ ಎಂಬುದಕ್ಕೆ 2020ರಲ್ಲಿ ಒಂದು ಉತ್ತರ ಬಂತು. ಮಣ್ಣಿನಲ್ಲಿ ಕುಪ್ಪಳಿಸುವ ಚುಕ್ಕೆಯಂಥ ಜೀವಿಗಳು ಈ ವಾಸನೆಗೆ ಬಂದು ಅವನ್ನು ಮೇಯುತ್ತವೆ, ಮೈಗಂಟಿದ ಬೀಜಕಣಗಳನ್ನು ಬೇರೆ ಕಡೆಗೆ ಒಯ್ಯುತ್ತವೆ. ದಿನವೂ ಮಳೆ ಬೀಳುವ ಊರಿನಲ್ಲಿ ಈ ವಾಸನೆ ಇಷ್ಟು ಜೋರಾಗಿ ಏಳುವುದಿಲ್ಲ. ಒಣಗಿದಷ್ಟು ದಿನ ಕೂಡಿಟ್ಟುಕೊಂಡದ್ದು ಒಂದೇ ಸಲ ಹೊರಬರಬೇಕು.

ಮಾಳಿಗೆಯ ಮೇಲೆ ನಾನೊಂದು ನೇರ ಗೋಡೆಯ ಡಬ್ಬ ಇಟ್ಟಿದ್ದೆ. ಡಬ್ಬ ಅಗಲವಿರಲಿ ಕಿರಿದಿರಲಿ, ಅದರಲ್ಲಿ ನಿಂತ ನೀರಿನ ಆಳವೇ ಮಳೆಯ ಅಳತೆ. ಬೆಳಗ್ಗೆ ಸ್ಕೇಲು ಅದ್ದಿ ನೋಡಿದರೆ 20 ಮಿಲಿಮೀಟರ್. ಓಡಿಹೋಗಿ ಹೇಳಿದೆ. ದೊಡ್ಡಮ್ಮ ಆಗಲೇ ಹೊಲದಲ್ಲಿದ್ದಳು. ಕುಡುಗೋಲಿನ ತುದಿಯಿಂದ ಸಾಲಿನ ನಡುವೆ ಕೆದರಿ, ಹಸಿ ಮಣ್ಣು ಮುಗಿದು ಒಣ ಮಣ್ಣು ಸಿಗುವವರೆಗೆ ಬೆರಳಿಳಿಸಿ, ಕೈ ಮೇಲೆತ್ತಿ ತೋರಿಸಿದಳು. "ಗೇಣಿಗೆ ನಾಲ್ಕು ಬೆರಳು ಕಮ್ಮಿ."

ಅವಳ ಗೇಣು ಸುಮಾರು 22 ಸೆಂಟಿಮೀಟರ್, ನಾಲ್ಕು ಬೆರಳು ಏಳು. ಹದಿನೈದು ಸೆಂಟಿಮೀಟರ್ ಮಣ್ಣಿಗೆ ಎರಡು ಸೆಂಟಿಮೀಟರ್ ನೀರು, ಎಂದರೆ ಏಳೂವರೆ ಪಾಲು ಮಣ್ಣಿನಲ್ಲಿ ಒಂದು ಪಾಲು. ಕೆಂಪು ಮಸಬು ಮಣ್ಣು ಗುರುತ್ವಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುವುದು ಹೆಚ್ಚುಕಡಿಮೆ ಅಷ್ಟೇ. ಡಬ್ಬದ ಅಳತೆ ಆಕಾಶದಿಂದ ಏನು ಬಿತ್ತು ಎಂದು ಹೇಳಿತು, ಅವಳ ಅಳತೆ ಗಿಡಕ್ಕೆ ಏನು ಸಿಕ್ಕಿತು ಎಂದು. ಇಳಿಜಾರಿನ ಕೆಳಗಿನ ಸಾಲುಗಳಲ್ಲಿ ಅವಳ ಬೆರಳು ಇನ್ನೂ ಕೆಳಗಿಳಿಯಿತು, ಮೇಲಿನ ಕಲ್ಲುನೆಲದಲ್ಲಿ ಅರ್ಧ ಗೇಣಿಗೇ ನಿಂತಿತು. ನನ್ನ ಡಬ್ಬಕ್ಕೆ ಇದಾವುದೂ ಗೊತ್ತಿರಲಿಲ್ಲ.

"ನಾಳೆ ಹೊತ್ತಿಗೆ ಸೂಜಿ ಎಲ್ಲ ಒಳಗೆ ಹೋಯ್ತಾವೆ" ಎಂದಳು, ಕುಡುಗೋಲು ಒರೆಸುತ್ತ. "ನೀನು ಲೆಕ್ಕ ಆಮೇಲೆ ಬರ್ಕೊಳ್ಳೋವಂತೆ. ಸೊಸೈಟೀಲಿ ನಾಲ್ಕು ಮೂಟೆ ಜಿಪ್ಸಂ ಹೇಳ್ಬುಟ್ಟು ಬಾ. ಮಳೆ ಎಲ್ರಿಗೂ ಬಂದೈತೆ, ಎಲ್ರೂ ಬಂದು ನಿಂತ್ಕೋತಾರೆ."